ವೈರಲ್ ನ್ಯುಮೋನಿಯಾದ ಸಿ.ಟಿ. ರಿಪೋರ್ಟ್: ಬರೆದದ್ದೇನು, ಬರೆಯದೆ ಬಿಟ್ಟದ್ದೇನು?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಜ್ವರ, ಒಣಕೆಮ್ಮು ಶುರುವಾದ ಎರಡನೇ ದಿನ ತೆಗೆಸಿದ ಎಕ್ಸ್‌ರೇ ನಾರ್ಮಲ್ ಇತ್ತು. ಆರನೇ ದಿನ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ವೈರಲ್ ನ್ಯುಮೋನಿಯಾ ಅಂದಿದ್ದಾರೆ. ರಿಪೋರ್ಟಿನಲ್ಲಿ ‘ಬೈಲ್ಯಾಟರಲ್ ಮಲ್ಟಿಫೋಕಲ್ ಪೆರಿಫೆರಲ್ ಗ್ರೌಂಡ್ ಗ್ಲಾಸ್ ಒಪಾಸಿಟೀಸ್, ಕೆಲವೆಡೆ ಕ್ರೇಜಿ ಪೇವಿಂಗ್, ಎಡಗಡೆಯ ಕೆಳಹಾಲೆಯಲ್ಲಿ ಸಣ್ಣ ಕನ್ಸಾಲಿಡೇಷನ್, ಪ್ಲೂರಲ್ ಎಫ್ಯೂಷನ್ ಇಲ್ಲ, ಲಿಂಫ್ ನೋಡ್ ಊದಿಲ್ಲ, ಸಿವಿಯಾರಿಟಿ ಸ್ಕೋರ್ 11/25’ ಎಂದಿದೆ. ಆಕ್ಸಿಜನ್ 95 ತೋರಿಸುತ್ತಿದೆ. ಇದರಲ್ಲಿ ಯಾವ ವೈರಸ್ ಎಂದು ಗೊತ್ತಾಗುವುದಿಲ್ಲವೇ? ಶ್ವಾಸಕೋಶದಲ್ಲಿ ಕಲೆ ಕಾಯಂ ಉಳಿದುಬಿಡುತ್ತದೆಯೇ? ಮತ್ತೆ ಯಾವಾಗ ಸ್ಕ್ಯಾನ್ ಮಾಡಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಅಂಕಿಗಳಿವೆ. ಆರನೇ ದಿನ, ಆಕ್ಸಿಜನ್ 95, ಸ್ಕೋರ್ 11. ರಿಪೋರ್ಟ್ ಕೈಗೆ ಬಂದ ಕೂಡಲೇ ಮನೆಯವರ ಕಣ್ಣು ನೆಡುವುದು ಕೊನೆಯದರ ಮೇಲೆ. ಚಿಕಿತ್ಸೆಯ ಲೆಕ್ಕದಲ್ಲಿ ಮೂರರಲ್ಲಿ ಹಗುರವಾದದ್ದು ಅದೇ. ಮೊದಲೆರಡನ್ನು ಬಿಟ್ಟು ಅದೊಂದನ್ನೇ ಓದಿದರೆ ಸುಮ್ಮನೆ ಹೆದರುತ್ತೀರಿ, ಇಲ್ಲವೇ ಸುಮ್ಮನೆ ನಿರಾಳವಾಗುತ್ತೀರಿ. ರಿಪೋರ್ಟಿನ ಪದಗಳನ್ನೇ ಒಂದೊಂದಾಗಿ ಹಿಡಿದು ನೋಡೋಣ.

ಮಸುಕು ಗಾಜು

‘ಗ್ರೌಂಡ್ ಗ್ಲಾಸ್’ ಎಂದರೆ ಉಜ್ಜಿ ಮಸುಕು ಮಾಡಿದ ಗಾಜು. ಸ್ನಾನದ ಮನೆಯ ಕಿಟಕಿಗೆ ಹಾಕುತ್ತಾರಲ್ಲ, ಅದು. ಬೆಳಕು ಬರುತ್ತದೆ, ಆಚೆ ಇರುವುದು ಮಬ್ಬಾಗಿ ಕಾಣುತ್ತದೆ. ಸಿ.ಟಿ. ಚಿತ್ರದಲ್ಲಿ ಶ್ವಾಸಕೋಶ ಸಹಜವಾಗಿ ಕಪ್ಪಗಿರಬೇಕು, ಅದರೊಳಗೆ ರಕ್ತನಾಳಗಳು ಬಿಳಿ ಕೊಂಬೆಗಳ ಹಾಗೆ ಹರಡಿರಬೇಕು. ಒಂದು ಜಾಗ ಬೂದು ಬಣ್ಣಕ್ಕೆ ತಿರುಗಿ, ಆ ಬೂದಿನ ನಡುವೆಯೂ ರಕ್ತನಾಳದ ಗೆರೆ ಎದ್ದು ಕಾಣುತ್ತಿದ್ದರೆ ಅದು ಗ್ರೌಂಡ್ ಗ್ಲಾಸ್. ಬೂದು ಹೋಗಿ ಬಿಳಿಯಾಗಿ, ರಕ್ತನಾಳದ ಗುರುತೇ ಅದರಲ್ಲಿ ಮುಳುಗಿಹೋದರೆ ಅದು ಕನ್ಸಾಲಿಡೇಷನ್. ಇವೆರಡನ್ನು ಬೇರೆ ಮಾಡುವ ಪರೀಕ್ಷೆ ಇಷ್ಟೇ: ಒಳಗಿನ ರಕ್ತನಾಳ ಕಾಣುತ್ತದೋ ಇಲ್ಲವೋ.

ಇದನ್ನು ಅಂಕಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಸಿ.ಟಿ. ಯಂತ್ರ ಚಿತ್ರದ ಪ್ರತಿ ಚುಕ್ಕಿಗೂ ಸಾಂದ್ರತೆಯ ಒಂದು ಅಂಕಿ ಕೊಡುತ್ತದೆ. ಯಂತ್ರವನ್ನು ರೂಪಿಸಿ 1979ರಲ್ಲಿ ನೊಬೆಲ್ ಹಂಚಿಕೊಂಡ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಅದರ ಮಾನಕ್ಕೆ. ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ. ಪೂರ್ತಿ ಉಸಿರು ಎಳೆದುಕೊಂಡಾಗ ಆರೋಗ್ಯವಾದ ಶ್ವಾಸಕೋಶ ಸುಮಾರು ಮೈನಸ್ 850 ತೋರಿಸುತ್ತದೆ. ಅಂದರೆ ಹೆಚ್ಚುಕಡಿಮೆ 85 ಪಾಲು ಗಾಳಿ, ಉಳಿದ 15 ಪಾಲು ರಕ್ತ ಮತ್ತು ಅಂಗಾಂಶ. ಗ್ರೌಂಡ್ ಗ್ಲಾಸ್ ಆದ ಜಾಗ ಮೈನಸ್ 500 ತೋರಿಸಿದರೆ ಅಲ್ಲಿ ಗಾಳಿ ಅರ್ಧಕ್ಕೆ ಇಳಿದಿದೆ, ಅಷ್ಟೇ. ಅರ್ಧ ಇನ್ನೂ ಇದೆ. ಕನ್ಸಾಲಿಡೇಷನ್ ಆದಲ್ಲಿ ಅಂಕಿ ಸೊನ್ನೆಯ ಹತ್ತಿರಕ್ಕೆ, ಅದರ ಮೇಲಕ್ಕೂ ಹೋಗುತ್ತದೆ. ಅಲ್ಲಿ ಗಾಳಿ ಉಳಿದಿಲ್ಲ. ಚಿತ್ರದ ಒಂದು ಚುಕ್ಕಿಯ ಅಗಲ ಸುಮಾರು 0.7 ಮಿಲಿಮೀಟರ್, ಒಂದು ಗಾಳಿಗೂಡಿನ ಅಗಲ 0.2 ಮಿಲಿಮೀಟರ್. ಒಂದೊಂದು ಚುಕ್ಕಿಯೂ ಹತ್ತಾರು ಗಾಳಿಗೂಡುಗಳ ಸರಾಸರಿ ಎಂದಾಯಿತು. ಕೆಲವು ಗೂಡುಗಳಲ್ಲಿ ದ್ರವ ತುಂಬಿ ಕೆಲವು ಖಾಲಿ ಉಳಿದರೂ ಬೂದು, ಎಲ್ಲ ಗೂಡುಗಳ ಗೋಡೆ ಸ್ವಲ್ಪ ಸ್ವಲ್ಪ ಬಾತುಕೊಂಡರೂ ಬೂದು, ಗೂಡುಗಳು ಅರ್ಧಂಬರ್ಧ ಮುದುಡಿದರೂ ಬೂದು. ಆದ್ದರಿಂದ ಗ್ರೌಂಡ್ ಗ್ಲಾಸ್ ಎನ್ನುವುದು ಒಂದು ರೋಗದ ಹೆಸರಲ್ಲ, ‘ಇಲ್ಲಿ ಗಾಳಿ ಕಡಿಮೆಯಾಗಿದೆ’ ಎಂಬ ಸುದ್ದಿ. ನಿಮ್ಮ ತಂದೆಯವರ ಆಕ್ಸಿಜನ್ 95ರಲ್ಲಿ ನಿಂತಿರುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

‘ಕ್ರೇಜಿ ಪೇವಿಂಗ್’ ಎಂದರೆ ಮಸುಕಿನ ಮೇಲೆ ಬಲೆಯಂಥ ಗೆರೆಗಳು ಎದ್ದಿರುವುದು. ಅಳತೆಯಿಲ್ಲದೆ ಕಡಿದ ಚಪ್ಪಡಿಕಲ್ಲುಗಳನ್ನು ಅಂಗಳಕ್ಕೆ ಹಾಸಿದರೆ ಸಂದು ಹೇಗೆ ಕಾಣುತ್ತದೆಯೋ ಹಾಗೆ. ಶ್ವಾಸಕೋಶ ಒಂದರಿಂದ ಎರಡೂವರೆ ಸೆಂಟಿಮೀಟರ್ ಅಗಲದ ಬಹುಭುಜ ಕೋಣೆಗಳಾಗಿ ವಿಂಗಡಣೆಯಾಗಿರುತ್ತದೆ. ಪ್ರತಿ ಕೋಣೆಯ ನಡುವೆ ಕಿರುಶ್ವಾಸನಾಳವೂ ಅದರ ಜೋಡಿ ಅಪಧಮನಿಯೂ ಇರುತ್ತವೆ, ಸುತ್ತಲಿನ ಗೋಡೆಯಲ್ಲಿ ಸಿರೆಗಳೂ ದುಗ್ಧರಸದ ನಾಳಗಳೂ ಇರುತ್ತವೆ. ಸಹಜವಾಗಿ ಈ ಗೋಡೆಗಳು ಸಿ.ಟಿ.ಯಲ್ಲಿ ಕಾಣಿಸುವಷ್ಟು ದಪ್ಪ ಇರುವುದಿಲ್ಲ. ಉರಿಯೂತದಿಂದ ದಪ್ಪವಾದಾಗ ಕಾಣುತ್ತವೆ. ವೈರಲ್ ನ್ಯುಮೋನಿಯಾದಲ್ಲಿ ಇದು ಸಾಮಾನ್ಯವಾಗಿ ಎರಡನೇ ವಾರದ ಹೊಸ್ತಿಲಲ್ಲಿ ಬರುವ ಗುರುತು. ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬಿದಾಗ, ಗಾಳಿಗೂಡುಗಳಲ್ಲಿ ರಕ್ತಸ್ರಾವವಾದಾಗಲೂ ಹೀಗೇ ಕಾಣಬಹುದು. ಹಾಗಾಗಿ ಪದ ನೋಡಿ ರೋಗ ಹೇಳುವಂತಿಲ್ಲ.

ಎಲ್ಲಿದೆ ಎಂಬುದೇ ಹೆಚ್ಚು ಹೇಳುತ್ತದೆ

ರೇಡಿಯಾಲಜಿಸ್ಟ್ ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಏನಿದೆ’ ಎನ್ನುವುದಕ್ಕಿಂತ ‘ಎಲ್ಲಿದೆ’. ನಿಮ್ಮ ರಿಪೋರ್ಟಿನ ‘ಬೈಲ್ಯಾಟರಲ್, ಮಲ್ಟಿಫೋಕಲ್, ಪೆರಿಫೆರಲ್’ ಎಂಬ ಮೂರು ಪದಗಳ ತೂಕ ಇಲ್ಲಿದೆ: ಎರಡೂ ಬದಿ, ಹಲವು ಕಡೆ, ಪಕ್ಕೆಲುಬಿಗೆ ತಾಗಿದ ಹೊರ ಅಂಚಿನಲ್ಲಿ. ಈ ಮೂರೂ ಒಟ್ಟಿಗೆ ಬಂದರೆ, ಅದರಲ್ಲೂ ಬೆನ್ನಿನ ಕಡೆ ಮತ್ತು ಕೆಳಹಾಲೆಗಳಲ್ಲಿ (ಹಾಲೆ ಎಂದರೆ ಶ್ವಾಸಕೋಶದ ದೊಡ್ಡ ವಿಭಾಗ) ಹೆಚ್ಚಿದ್ದರೆ, ಕೋವಿಡ್ ಅಥವಾ ಇನ್‌ಫ್ಲುಯೆಂಜಾದಂಥ ವೈರಸ್ಸಿನ ಕಡೆಗೆ ಬೆರಳು ತಿರುಗುತ್ತದೆ. ಬ್ಯಾಕ್ಟೀರಿಯಾದ ನ್ಯುಮೋನಿಯಾ ಸಾಮಾನ್ಯವಾಗಿ ಒಂದೇ ಹಾಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಿಳಿ ಗಡ್ಡೆಯಂಥ ಕನ್ಸಾಲಿಡೇಷನ್, ಅದರೊಳಗೆ ಕಪ್ಪು ಕವಲುಗಳಾಗಿ ಕಾಣುವ ಗಾಳಿ ತುಂಬಿದ ಶ್ವಾಸನಾಳಗಳು, ಪಕ್ಕದಲ್ಲಿ ನೀರು ಇದ್ದರೂ ಇರಬಹುದು.

ಯಾವ ವೈರಸ್ ಎಂದು ಸಿ.ಟಿ. ಹೇಳೀತೇ? ಹೆಸರು ಹಿಡಿದು ಹೇಳಲಾರದು. ಆದರೆ ವೈರಸ್‌ಗಳಿಗೂ ತಮ್ಮ ತಮ್ಮ ಚಾಳಿ ಇದೆ. ಆರ್‌ಎಸ್‌ವಿ, ಮೆಟಾನ್ಯುಮೋವೈರಸ್, ಪ್ಯಾರಾಇನ್‌ಫ್ಲುಯೆಂಜಾ ಇವು ಶ್ವಾಸನಾಳದ ಒಳಪದರಕ್ಕೆ ಅಂಟಿಕೊಳ್ಳುವಂಥವು. ಹಾಗಾಗಿ ಶ್ವಾಸನಾಳದ ಗೋಡೆ ದಪ್ಪವಾಗಿರುವುದು, ಅದರ ಕೊನೆಯಲ್ಲಿ ಕಿರುನಾಳಗಳು ಕಫ ಕಟ್ಟಿಕೊಂಡು ಚಿಗುರೊಡೆದ ಕೊಂಬೆಯ ಹಾಗೆ ಕಾಣುವುದು ಇವುಗಳಲ್ಲಿ ಹೆಚ್ಚು. ಆ ಚಿತ್ರಕ್ಕೆ ‘ಟ್ರೀ ಇನ್ ಬಡ್’ ಎಂಬ ಹೆಸರಿದೆ. ಕೋವಿಡ್‌ನಲ್ಲಿ ಇದು ಅಪರೂಪ, ಕಂಡರೆ ಬೇರೆ ಕಾರಣ ಹುಡುಕಬೇಕು. ಅಡಿನೋವೈರಸ್ ವೇಷ ಬದಲಿಸುವುದರಲ್ಲಿ ನಿಪುಣ. ಒಂದು ಹಾಲೆಯನ್ನೋ ಅದರ ಭಾಗವನ್ನೋ ಪೂರ್ತಿ ಬೆಳ್ಳಗೆ ಮಾಡಿ ಬ್ಯಾಕ್ಟೀರಿಯಾ ಎಂದು ನಂಬಿಸಿಬಿಡುತ್ತದೆ. ಮಕ್ಕಳಲ್ಲಿ ಕಿರುನಾಳಗಳನ್ನು ಶಾಶ್ವತವಾಗಿ ಕೆಡಿಸಿ ಹೋಗುವುದೂ ಉಂಟು. ದೊಡ್ಡವರಿಗೆ ಚಿಕನ್ ಪಾಕ್ಸ್ ಬಂದು ಶ್ವಾಸಕೋಶಕ್ಕೆ ಇಳಿದರೆ ಎರಡೂ ಬದಿ ಚೆಲ್ಲಿದ ಹಾಗೆ 1ರಿಂದ 10 ಮಿಲಿಮೀಟರಿನ ಗಂಟುಗಳು. ಅವು ವಾಸಿಯಾದ ಮೇಲೆ ಸಾಸಿವೆಯಷ್ಟೇ ಸಣ್ಣ ಸುಣ್ಣದ ಕಾಳುಗಳಾಗಿ ವರ್ಷಗಟ್ಟಲೆ ಉಳಿದು, ಮುಂದೆ ಯಾವುದೋ ಸ್ಕ್ಯಾನ್‌ನಲ್ಲಿ ಕಂಡು ಗಾಬರಿ ಹುಟ್ಟಿಸುತ್ತವೆ. ಅಂಗ ಕಸಿಯಾದವರಲ್ಲಿ ಸೈಟೋಮೆಗಾಲೋವೈರಸ್ ಮಸುಕನ್ನೂ ಸಣ್ಣ ಗಂಟುಗಳನ್ನೂ ಬೆರೆಸಿ ತೋರಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಇವು ಒಲವುಗಳೇ ಹೊರತು ಗುರುತಿನ ಚೀಟಿಗಳಲ್ಲ. 2009ರ ಎಚ್1ಎನ್1 ಇನ್‌ಫ್ಲುಯೆಂಜಾದ ಸ್ಕ್ಯಾನನ್ನೂ ಕೋವಿಡ್‌ನ ಸ್ಕ್ಯಾನನ್ನೂ ಹೆಸರು ಮುಚ್ಚಿ ಪಕ್ಕಪಕ್ಕ ಇಟ್ಟರೆ ಅನುಭವಿಗಳೂ ತಪ್ಪುತ್ತಾರೆ. ಕೆಲವು ಔಷಧಗಳ ಅಡ್ಡಪರಿಣಾಮ, ಆರ್ಗನೈಜಿಂಗ್ ನ್ಯುಮೋನಿಯಾ ಎಂಬ ಸೋಂಕಲ್ಲದ ಕಾಯಿಲೆ ಇವೂ ಅಂಚಿನಲ್ಲಿ ಇದೇ ತರಹದ ಮಸುಕು ತರುತ್ತವೆ. ಎಚ್‌ಐವಿ ಇರುವವರಲ್ಲಿ, ಕೀಮೋಥೆರಪಿ ಅಥವಾ ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಎರಡೂ ಬದಿಯ ಮಸುಕು ಕಂಡಾಗ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರವನ್ನು ಮರೆತರೆ ದುಬಾರಿಯಾಗುತ್ತದೆ. ಅದರಲ್ಲಿ ಹೊರ ಅಂಚು ಅನೇಕ ಸಲ ಉಳಿದುಕೊಂಡು ನಡುಭಾಗ ಮಸುಕಾಗುತ್ತದೆ. ವೈರಸ್ಸಿನ ಹೆಸರು ಬೇಕಿದ್ದರೆ ಮೂಗು ಗಂಟಲಿನ ಸ್ವಾಬ್ ಕೊಟ್ಟು ಪಿಸಿಆರ್ ಮಾಡಿಸಿ. ಕೋವಿಡ್, ಇನ್‌ಫ್ಲುಯೆಂಜಾ, ಆರ್‌ಎಸ್‌ವಿ ಮೂರನ್ನೂ ಒಂದೇ ಸ್ವಾಬ್‌ನಲ್ಲಿ ನೋಡುವ ಪರೀಕ್ಷೆಗಳಿವೆ. ಇದು ಬರೀ ಕುತೂಹಲದ ಮಾತಲ್ಲ. ಇನ್‌ಫ್ಲುಯೆಂಜಾ ಆದರೆ ಓಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಔಷಧ ಕೊಡುವ ಪ್ರಶ್ನೆ ಬರುತ್ತದೆ, ಅದನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು.

ಇನ್ನು ‘ಇಲ್ಲ’ ಎಂದು ಬರೆದ ಸಾಲುಗಳು. ಜನ ಅವನ್ನು ದಾಟಿಕೊಂಡು ಹೋಗುತ್ತಾರೆ, ಆದರೆ ನಿಮ್ಮ ರಿಪೋರ್ಟಿನ ನೆಮ್ಮದಿ ಇರುವುದೇ ಅಲ್ಲಿ. ಪ್ಲೂರಲ್ ಎಫ್ಯೂಷನ್ ಇಲ್ಲ ಎಂದರೆ ಶ್ವಾಸಕೋಶದ ಹೊರಪದರದಲ್ಲಿ ನೀರು ತುಂಬಿಲ್ಲ. ನೀರು ಇದ್ದಿದ್ದರೆ ಬ್ಯಾಕ್ಟೀರಿಯಾ, ಹೃದಯದ ತೊಂದರೆ, ಕ್ಷಯ ಇವುಗಳ ಕಡೆ ಯೋಚನೆ ಹೊರಳಬೇಕಿತ್ತು. ಲಿಂಫ್ ನೋಡ್ ಊದಿಲ್ಲ ಎಂದರೆ ಎದೆಯ ನಡುಭಾಗದ ದುಗ್ಧರಸ ಗ್ರಂಥಿಗಳ ಅಡ್ಡಳತೆ 10 ಮಿಲಿಮೀಟರಿನೊಳಗಿದೆ ಎಂದು. ಪೊಳ್ಳು ಅಥವಾ ಕ್ಯಾವಿಟಿ ಇದೆ ಎಂದು ಬರೆದಿಲ್ಲ. ವೈರಸ್ ತಾನಾಗಿಯೇ ಶ್ವಾಸಕೋಶವನ್ನು ಕೊರೆಯುವುದು ತೀರ ಅಪರೂಪ. ಕೊರೆದಿದೆ ಎಂದರೆ ಕ್ಷಯ, ಸ್ಟೆಫೈಲೋಕಾಕಸ್, ಶಿಲೀಂಧ್ರ ಇವುಗಳಲ್ಲೊಂದು ಜೊತೆಗೂಡಿದೆಯೇ ಎಂದು ಕಫ ಪರೀಕ್ಷೆ ಮಾಡಿಸಬೇಕು. ಎಡ ಕೆಳಹಾಲೆಯ ಆ ಸಣ್ಣ ಕನ್ಸಾಲಿಡೇಷನ್ ಒಂದನ್ನೇ ನೋಡಿ ‘ಬ್ಯಾಕ್ಟೀರಿಯಾ ಸೇರಿಕೊಂಡಿದೆ’ ಎನ್ನಲಾಗದು. ವೈರಲ್ ಮಸುಕು ದಿನ ಕಳೆದಂತೆ ಅಲ್ಲಲ್ಲಿ ಗಟ್ಟಿಯಾಗುವುದು ಅದರ ಸಹಜ ನಡೆ. ಹಳದಿ ಅಥವಾ ತುಕ್ಕು ಬಣ್ಣದ ಕಫ, ಏರಿದ ಬಿಳಿರಕ್ತಕಣ, ಹೆಚ್ಚಿದ ಪ್ರೊಕ್ಯಾಲ್ಸಿಟೋನಿನ್ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ರಕ್ತದಲ್ಲಿ ಏರುವ ಒಂದು ಅಂಶ) ಇವು ಜೊತೆಗಿದ್ದರೆ ಮಾತು ಬೇರೆ.

ಆರನೇ ದಿನ

ಸ್ಕ್ಯಾನಿಗೆ ತಾರೀಖು ಹಾಕಿರುತ್ತಾರೆ, ಕಾಯಿಲೆಯ ಎಷ್ಟನೇ ದಿನ ಎಂದು ಬರೆಯುವುದಿಲ್ಲ. ಅದನ್ನು ಮನೆಯವರೇ ನೆನಪಿಟ್ಟು ಹೇಳಬೇಕು. ಕೋವಿಡ್ ನ್ಯುಮೋನಿಯಾದಲ್ಲಿ ಇದರ ನಡೆಯನ್ನು ಚೆನ್ನಾಗಿ ಗುರುತಿಸಿದ್ದಾರೆ. ಮೊದಲ ನಾಲ್ಕು ದಿನ ಚಿಕ್ಕ ಚಿಕ್ಕ ಮಸುಕುಗಳು, ಅಥವಾ ಏನೂ ಇಲ್ಲ. ಐದರಿಂದ ಎಂಟನೇ ದಿನದವರೆಗೆ ಹರಡುವ ಕಾಲ, ಕ್ರೇಜಿ ಪೇವಿಂಗ್ ಹುಟ್ಟುವುದು ಆಗ. ಒಂಬತ್ತರಿಂದ ಹದಿಮೂರನೇ ದಿನದೊಳಗೆ ಶಿಖರ, ಕನ್ಸಾಲಿಡೇಷನ್ ಹೆಚ್ಚು. ಹದಿನಾಲ್ಕರ ಮೇಲೆ ಇಳಿತ. 2020ರಲ್ಲಿ ಚೀನಾದ 121 ರೋಗಿಗಳ ಸ್ಕ್ಯಾನ್ ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಲಕ್ಷಣ ಶುರುವಾಗಿ ಎರಡು ದಿನದೊಳಗೆ ಸ್ಕ್ಯಾನ್ ಆದವರ ಪೈಕಿ ಶೇ. 56 ಮಂದಿಯ ಚಿತ್ರ ಪೂರ್ತಿ ನಾರ್ಮಲ್ ಇತ್ತು. ನಿಮ್ಮ ತಂದೆಯವರ ಎರಡನೇ ದಿನದ ಎಕ್ಸ್‌ರೇ ಚೊಕ್ಕಟವಾಗಿತ್ತು ಎಂಬುದರಲ್ಲಿ ಅಚ್ಚರಿಯಿಲ್ಲ. ಕಾಯಿಲೆ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ, ಜೊತೆಗೆ ಎಕ್ಸ್‌ರೇಯಲ್ಲಿ ಪಕ್ಕೆಲುಬು, ಹೃದಯ, ವಪೆ ಎಲ್ಲ ಒಂದರ ಮೇಲೊಂದು ಬಿದ್ದು ತೆಳು ಮಸುಕನ್ನು ನುಂಗಿಬಿಡುತ್ತವೆ. ಆಗ ಯಾರೂ ತಪ್ಪು ಓದಿಲ್ಲ.

ಈಗ 11ಕ್ಕೆ ಬರೋಣ. ಲೆಕ್ಕ ಸರಳ. ಶ್ವಾಸಕೋಶಕ್ಕೆ ಬಲಗಡೆ ಮೂರು, ಎಡಗಡೆ ಎರಡು, ಒಟ್ಟು ಐದು ಹಾಲೆ. ಒಂದೊಂದಕ್ಕೂ ಕಣ್ಣಂದಾಜಿನಲ್ಲಿ 0ರಿಂದ 5 ಅಂಕ. ಏನೂ ಇಲ್ಲದಿದ್ದರೆ ಸೊನ್ನೆ, ಶೇ. 5ಕ್ಕಿಂತ ಕಡಿಮೆ ಕೆಟ್ಟಿದ್ದರೆ 1, ಶೇ. 25ರವರೆಗೆ 2, ಅರ್ಧದೊಳಗೆ 3, ಶೇ. 75ರವರೆಗೆ 4, ಅದಕ್ಕೂ ಮೇಲೆ 5. ನಿಮ್ಮವರದು ಬಹುಶಃ ಎರಡೂ ಕೆಳಹಾಲೆಗೆ ಮೂರು ಮೂರು, ಮೇಲ್ಹಾಲೆಗಳಿಗೆ ಎರಡೆರಡು, ಬಲಗಡೆಯ ನಡುಹಾಲೆಗೆ ಒಂದು. ಕೂಡಿದರೆ 11. ಇದರ ಹುಳುಕು ಎಲ್ಲಿದೆ ನೋಡಿ. ಶೇ. 24 ಎಂದು ಒಬ್ಬರ ಕಣ್ಣಿಗೆ ಕಂಡದ್ದು ಇನ್ನೊಬ್ಬರಿಗೆ 28 ಎಂದು ಕಂಡರೆ ಒಂದು ಅಂಕ ಹೆಚ್ಚು. ಹೀಗೆ ಎರಡು ಮೂರು ಹಾಲೆಯಲ್ಲಾದರೆ 11 ಇದ್ದದ್ದು 13. ತೆಳು ಮಸುಕಿಗೂ ಗಟ್ಟಿ ಕನ್ಸಾಲಿಡೇಷನ್ನಿಗೂ ಇದರಲ್ಲಿ ಒಂದೇ ಬೆಲೆ. ಹಾಲೆಗಳ ಗಾತ್ರ ಒಂದೇ ಅಲ್ಲ, ಪುಟ್ಟ ನಡುಹಾಲೆಗೂ ದೊಡ್ಡ ಕೆಳಹಾಲೆಗೂ ಐದೇ ಅಂಕ. ಎಷ್ಟರವರೆಗೆ ಸೌಮ್ಯ, ಎಲ್ಲಿಂದ ತೀವ್ರ ಎಂಬ ಗೆರೆಯನ್ನೂ ಒಂದೊಂದು ಕಡೆ ಒಂದೊಂದು ಥರ ಎಳೆದಿದ್ದಾರೆ. 25ರ ಬದಲು 40ಕ್ಕೆ ಅಂಕ ಕೊಡುವ ಪದ್ಧತಿಯೂ ಇದೆ. ಬೇರೆ ಬೇರೆ ಕಡೆ ಮಾಡಿಸಿದ ಎರಡು ಸ್ಕೋರುಗಳನ್ನು ಹೋಲಿಸಿ ‘ಎರಡು ಅಂಕ ಜಾಸ್ತಿಯಾಗಿದೆ’ ಎಂದು ನಿದ್ದೆಗೆಡಬೇಡಿ.

ನಾಲ್ಕನೇ ದಿನದ 11 ಮತ್ತು ಹದಿನಾಲ್ಕನೇ ದಿನದ 11 ಒಂದೇ ಅಲ್ಲ. ಮೊದಲನೆಯದು ಇನ್ನೂ ಏರುತ್ತಿರುವ ನೀರು, ಎರಡನೆಯದು ಇಳಿಯುತ್ತಿರುವ ನೀರು. ನಿಮ್ಮ ತಂದೆಯವರದು ಆರನೆಯ ದಿನ. ಮುಂದಿನ ನಾಲ್ಕೈದು ದಿನ ಇನ್ನಷ್ಟು ಹರಡಿದರೂ ಹರಡಬಹುದು ಎಂದು ಸ್ಕ್ಯಾನ್ ಹೇಳುತ್ತಿದೆ. ಆ ಎಚ್ಚರಕ್ಕೆ ಇದು ಉಪಯೋಗಿ. ಔಷಧ ನಿರ್ಧರಿಸುವುದಕ್ಕೆ ಅಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಎಂಬ ಔಷಧ ಪ್ರಯೋಗದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಜೀವ ಉಳಿಸಿದ್ದು ಆಕ್ಸಿಜನ್ ಬೇಕಾಗಿದ್ದ ಕೋವಿಡ್ ರೋಗಿಗಳಲ್ಲಿ. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಸಿಗಲಿಲ್ಲ. ಅಲ್ಲಿ ಗೆರೆ ಎಳೆದದ್ದು ಆಕ್ಸಿಜನ್, ಸಿ.ಟಿ. ಸ್ಕೋರ್ ಅಲ್ಲ. ಸ್ಕೋರ್ ನೋಡಿ ಸ್ಟಿರಾಯ್ಡ್ ಶುರುಮಾಡುವುದು, ಇನ್‌ಫ್ಲುಯೆಂಜಾಗೂ ಅದನ್ನೇ ಮಾಡುವುದು ಸರಿಯಾದ ಪದ್ಧತಿಯಲ್ಲ.

ಆದ್ದರಿಂದ ಬೆರಳಿನ ಆಕ್ಸಿಮೀಟರನ್ನು ಸರಿಯಾಗಿ ಬಳಸಿ. ಬೆರಳು ತಣ್ಣಗಿರಬಾರದು, ಉಗುರಿಗೆ ಬಣ್ಣ ಇರಬಾರದು, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. ಕಪ್ಪು ಚರ್ಮದವರಲ್ಲಿ ಕೆಲವು ಆಕ್ಸಿಮೀಟರುಗಳು ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತವೆ ಎಂಬುದೂ ಗೊತ್ತಿರಲಿ. ಕುಳಿತಿದ್ದಾಗ 95 ಇದ್ದರೆ, ಉಸಿರು ಕಟ್ಟದಿದ್ದರೆ, ಪಕ್ಕದಲ್ಲಿ ಒಬ್ಬರು ನಿಂತು ಮನೆಯೊಳಗೇ ನಲವತ್ತು ಹೆಜ್ಜೆ ನಡೆಸಿ ಮತ್ತೆ ನೋಡಿ. ಮೂರು ಅಥವಾ ಹೆಚ್ಚು ಅಂಕ ಕುಸಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಕುಳಿತಲ್ಲೇ 94ಕ್ಕಿಂತ ಕೆಳಗೆ ಬಂದರೂ ಅಷ್ಟೇ. 90ಕ್ಕೆ ಇಳಿದರೆ ಫೋನಿನ ಮಾತಲ್ಲ, ಆಸ್ಪತ್ರೆ. ಮೊದಲಿಂದಲೂ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದ್ದವರಿಗೆ ಈ ಗೆರೆಗಳು ಬೇರೆ, ಅದನ್ನು ಅವರ ವೈದ್ಯರೇ ಹೇಳಬೇಕು.

ಚಿತ್ರವೇ ಸುಳ್ಳು ಹೇಳುವ ಸಂದರ್ಭ

ಕೆಮ್ಮುತ್ತಿರುವವರ ಸ್ಕ್ಯಾನಿನಲ್ಲಿ ದೊಡ್ಡ ತೊಡಕು ಉಸಿರು. ಪೂರ್ತಿ ಎಳೆದುಕೊಂಡು ಐದರಿಂದ ಹತ್ತು ಸೆಕೆಂಡು ಹಿಡಿಯಬೇಕು. ಅರ್ಧ ಉಸಿರಲ್ಲಿ ತೆಗೆದರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಮೇಲಿನ ಲೆಕ್ಕದಂತೆ ಇಡೀ ಶ್ವಾಸಕೋಶ ಬೂದು. ಕಾಯಿಲೆಯಿಲ್ಲದೆಯೂ ‘ಡಿಫ್ಯೂಸ್ ಗ್ರೌಂಡ್ ಗ್ಲಾಸ್’ ಎಂದು ಬರೆಸಿಕೊಳ್ಳಬಹುದು. ಇದನ್ನು ಹಿಡಿಯಲು ಒಂದು ಸುಲಭದ ಗುರುತಿದೆ. ಮುಖ್ಯ ಶ್ವಾಸನಾಳದ ಹಿಂಬದಿಗೆ ಎಲುಬಿನಂಥ ಬಳೆ ಇರುವುದಿಲ್ಲ, ಬರೀ ಮೆತ್ತನೆಯ ಪೊರೆ. ಉಸಿರು ತುಂಬಿದಾಗ ಆ ಪೊರೆ ಹಿಂದಕ್ಕೆ ಉಬ್ಬಿ ನಾಳ ದುಂಡಗೆ ಕಾಣುತ್ತದೆ. ಉಸಿರು ಬಿಟ್ಟಾಗ ಪೊರೆ ಒಳಕ್ಕೆ ತಗ್ಗಿ ನಾಳ ಅರ್ಧಚಂದ್ರದಂತಾಗುತ್ತದೆ. ಅರ್ಧಚಂದ್ರ ಕಂಡರೆ ಮಸುಕನ್ನು ಅನುಮಾನದಿಂದ ನೋಡಬೇಕು.

ಇನ್ನೊಂದು, ಬೆನ್ನಿನ ಮೇಲೆ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶ ತನ್ನ ಭಾರಕ್ಕೇ ಸ್ವಲ್ಪ ಮುದುಡುತ್ತದೆ. ಅದು ಅಂಚಿನುದ್ದಕ್ಕೂ ತೆಳು ಬೂದು ಪಟ್ಟಿಯಾಗಿ ಕಾಣುತ್ತದೆ, ಮೊದಲ ಹಂತದ ನ್ಯುಮೋನಿಯಾದ ಹಾಗೇ. ಅನುಮಾನ ಬಂದರೆ ಬೋರಲು ಮಲಗಿಸಿ ಕೆಳಭಾಗದ ನಾಲ್ಕಾರು ಚಿತ್ರ ಮತ್ತೆ ತೆಗೆಯುತ್ತಾರೆ; ಮುದುಡಿದ್ದಾದರೆ ಪಟ್ಟಿ ಮಾಯವಾಗುತ್ತದೆ, ಕಾಯಿಲೆಯಾದರೆ ನಿಲ್ಲುತ್ತದೆ. ಸ್ಲೈಸಿನ, ಅಂದರೆ ಒಂದೊಂದು ಅಡ್ಡಸೀಳಿನ ಚಿತ್ರದ ದಪ್ಪವೂ ಮುಖ್ಯ. ಒಂದರಿಂದ ಒಂದೂವರೆ ಮಿಲಿಮೀಟರ್ ಇರಬೇಕು. ಐದು ಮಿಲಿಮೀಟರಿನ ಚಿತ್ರದಲ್ಲಿ ಕ್ರೇಜಿ ಪೇವಿಂಗಿನ ಸಣ್ಣ ಗೆರೆಗಳು ಕಲಸಿಹೋಗುತ್ತವೆ. ಆಸ್ತಮಾದಂಥ ಕಿರುನಾಳದ ತೊಂದರೆ ಇರುವವರಲ್ಲಿ ಕಪ್ಪು ಜಾಗವೇ ಕಾಯಿಲೆಯದು, ಬೂದಾಗಿ ಕಾಣುವುದು ಸರಿಯಾದ ಜಾಗ, ಹೀಗೆ ತಲೆಕೆಳಗಾಗುವುದೂ ಉಂಟು. ಕಪ್ಪು ಜಾಗದಲ್ಲಿ ರಕ್ತನಾಳ ಸಣಕಲಾಗಿದ್ದರೆ ಅದೇ ಸುಳಿವು.

ಮತ್ತೆ ಸ್ಕ್ಯಾನ್ ಯಾವಾಗ, ಕಲೆ ಉಳಿಯುತ್ತದೆಯೇ

ಚೇತರಿಸಿಕೊಳ್ಳುತ್ತಿದ್ದರೆ ‘ಎಷ್ಟು ಕರಗಿದೆ ನೋಡೋಣ’ ಎಂದು ವಾರಕ್ಕೊಮ್ಮೆ ಸ್ಕ್ಯಾನ್ ಬೇಡ. ಜ್ವರ ಬಿಟ್ಟು, ಊಟ ಸೇರಿ, ಆಕ್ಸಿಜನ್ 97 ಬಂದ ಮೇಲೂ ಚಿತ್ರದಲ್ಲಿ ಮಸುಕು ವಾರಗಟ್ಟಲೆ ಇರುತ್ತದೆ. ಕೆಲವು ಸಲ ಮಸುಕು ಇನ್ನಷ್ಟು ಅಗಲವಾಗಿ, ಆದರೆ ತೆಳುವಾಗಿ ಕಾಣುತ್ತದೆ. ಗಟ್ಟಿಯಾದದ್ದು ಕರಗುವಾಗ ನೀರಿಗೆ ಬಿದ್ದ ಶಾಯಿಯಂತೆ ಹರಡಿ ತಿಳಿಯಾಗುತ್ತದೆ, ಅಷ್ಟೇ. ಅದನ್ನು ಹೆಚ್ಚಾಗಿದೆ ಎಂದು ಓದಿಕೊಂಡು ಬೇಡದ ಔಷಧಕ್ಕೆ ಕೈಹಾಕಿದವರುಂಟು. ವಿಕಿರಣದ ಲೆಕ್ಕವೂ ಇದೆ. ಸಾಮಾನ್ಯ ಎದೆ ಸಿ.ಟಿ.ಗೆ ಸುಮಾರು 5ರಿಂದ 7 ಮಿಲಿಸೀವರ್ಟ್, ಕಡಿಮೆ ಪ್ರಮಾಣದ ವಿಧಾನದಲ್ಲಿ 1ರಿಂದ 2. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಬರುವ ಸಹಜ ಪ್ರಮಾಣ ಜಗತ್ತಿನ ಸರಾಸರಿಯಲ್ಲಿ 2.4. ಬೇಕಾದಾಗ ಮಾಡಿಸುವ ಒಂದು ಸ್ಕ್ಯಾನಿಗೆ ಹಿಂಜರಿಯುವಷ್ಟೇನೂ ಇದು ಹೆಚ್ಚಲ್ಲ, ಬೇಡದೆ ಮಾಡಿಸುವಷ್ಟು ಕಡಿಮೆಯೂ ಅಲ್ಲ.

ಬೇಕಾಗುವ ಸಂದರ್ಭಗಳು ಬೇರೆ. ಎರಡು ಮೂರು ದಿನ ಚೆನ್ನಾಗಿದ್ದು ಮತ್ತೆ ಚಳಿಜ್ವರ ಬಂದು ಕಫ ಗಟ್ಟಿಯಾದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು; ಇನ್‌ಫ್ಲುಯೆಂಜಾ ನಂತರ ಇದು ಕುಖ್ಯಾತ. ಎದೆಯಲ್ಲಿ ಹಠಾತ್ತನೆ ಚುಚ್ಚು ನೋವು ಬಂದು ಉಸಿರು ಸಿಕ್ಕಿಕೊಂಡರೆ ಶ್ವಾಸಕೋಶದ ಹೊರಗೆ ಗಾಳಿ ಸೋರಿದೆಯೇ, ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೇ ಎಂದು ತಕ್ಷಣ ನೋಡಬೇಕು. ಹೆಪ್ಪು ಹುಡುಕಲು ಈಗ ಮಾಡಿಸಿದ ಸಾದಾ ಸ್ಕ್ಯಾನ್ ಸಾಲದು. ಅಯೋಡಿನ್ ಇರುವ ಕಾಂಟ್ರಾಸ್ಟನ್ನು ರಕ್ತನಾಳಕ್ಕೆ ಕೊಟ್ಟು ಸಿ.ಟಿ. ಪಲ್ಮನರಿ ಆಂಜಿಯೋಗ್ರಾಂ ಮಾಡಬೇಕು, ಅದಕ್ಕೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ, ಹಿಂದೆ ಕಾಂಟ್ರಾಸ್ಟ್ ಒಗ್ಗದೆ ಇದ್ದದ್ದುಂಟೇ ಎಂದು ಕೇಳುತ್ತಾರೆ. ಮಸುಕು ಅಷ್ಟೇನೂ ಹೆಚ್ಚಿಲ್ಲ, ಆಕ್ಸಿಜನ್ ಮಾತ್ರ ಇಳಿಯುತ್ತಲೇ ಇದೆ ಎಂದಾಗಲೂ ಹೆಪ್ಪಿನ ಮೇಲೆ ಅನುಮಾನ ಇರಲಿ.

ಕಲೆಯ ವಿಷಯ. ಮೂರನೇ ನಾಲ್ಕನೇ ವಾರದ ಸ್ಕ್ಯಾನಿನಲ್ಲಿ ಅಂಚಿಗೆ ಸಮಾನಾಂತರವಾಗಿ ಗೆರೆಗಳು, ಪಟ್ಟಿಗಳು ಕಾಣುವುದು ಮಾಮೂಲು. ಅದಕ್ಕೆ ಕೆಲವು ರಿಪೋರ್ಟುಗಳಲ್ಲಿ ‘ಫೈಬ್ರೋಟಿಕ್ ಬ್ಯಾಂಡ್ಸ್’ ಎಂದು ಬರೆದುಬಿಡುತ್ತಾರೆ. ಈ ಪದವನ್ನು ಅಷ್ಟು ಬೇಗ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ವಾಸಿಯಾಗುತ್ತಿರುವ ಉರಿಯೂತದ ಗೆರೆಗಳು, ತಿಂಗಳುಗಳಲ್ಲಿ ಅಳಿಸಿಹೋಗುತ್ತವೆ. ನಿಜವಾದ ಫೈಬ್ರೋಸಿಸ್ ಎನ್ನಬೇಕಾದರೆ ಸುತ್ತಲಿನ ಅಂಗಾಂಶ ಸುಕ್ಕುಗಟ್ಟಿ ಶ್ವಾಸನಾಳವನ್ನು ಎಳೆದು ಅಂಕುಡೊಂಕಾಗಿ ಹಿಗ್ಗಿಸಿರಬೇಕು, ಹಾಲೆ ಚಿಕ್ಕದಾಗಿರಬೇಕು, ತಿಂಗಳುಗಳ ಅಂತರದ ಎರಡು ಸ್ಕ್ಯಾನಿನಲ್ಲೂ ಅದು ಹಾಗೇ ಇರಬೇಕು. ಜೇನುಗೂಡಿನಂಥ ರಂಧ್ರಗಳು ವೈರಲ್ ನ್ಯುಮೋನಿಯಾದ ನಂತರ ಅಪರೂಪ. ವೆಂಟಿಲೇಟರಿನಲ್ಲಿದ್ದವರಲ್ಲಿ, ವಯಸ್ಸಾದವರಲ್ಲಿ, ಮೊದಲೇ ಶ್ವಾಸಕೋಶ ಕೆಟ್ಟಿದ್ದವರಲ್ಲಿ ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲೇ 95ರಲ್ಲಿ ಇದ್ದು ಗುಣವಾದವರು ಆ ಪಟ್ಟಿಯ ಕೆಳತುದಿಯವರು.

ಹಾಗಾಗಿ ಮೂರು ತಿಂಗಳು, ಅಂದರೆ ಸುಮಾರು ಹನ್ನೆರಡು ವಾರ ಬಿಡಿ. ಆಗ ಮೊದಲು ಸಾದಾ ಎಕ್ಸ್‌ರೇ. ಅದು ಚೊಕ್ಕಟವಾಗಿದ್ದು, ಮೆಟ್ಟಿಲು ಹತ್ತುವಾಗ ಏದುಸಿರೂ ಇಲ್ಲದಿದ್ದರೆ ಸಿ.ಟಿ. ಗೊಡವೆಯೇ ಬೇಡ. ಏದುಸಿರು ಉಳಿದಿದ್ದರೆ ಆರು ನಿಮಿಷದ ನಡಿಗೆ ಪರೀಕ್ಷೆ, ಆಕ್ಸಿಜನ್ ಎಷ್ಟು ಚೆನ್ನಾಗಿ ರಕ್ತಕ್ಕೆ ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒ, ಜೊತೆಗೆ ಕಾಂಟ್ರಾಸ್ಟ್ ಇಲ್ಲದ ತೆಳು ಸ್ಲೈಸಿನ ಸಿ.ಟಿ. ಉಸಿರು ಎಳೆದಾಗ ಒಮ್ಮೆ, ಬಿಟ್ಟಾಗ ಒಮ್ಮೆ ತೆಗೆಯಲು ಕೇಳಿ. ಕಿರುನಾಳದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತಿದ್ದರೆ ಎರಡನೆಯದರಲ್ಲಿ ಮಾತ್ರ ಗೊತ್ತಾಗುತ್ತದೆ.

ಆ ದಿನ ಹೋಗುವಾಗ ಈಗಿನ ಸ್ಕ್ಯಾನಿನ ಸಿ.ಡಿ.ಯನ್ನು ಮರೆಯದೆ ಒಯ್ಯಿರಿ. ಫಿಲ್ಮಿನ ಮೇಲೆ ಅಚ್ಚಾಗಿರುವುದು ಆಯ್ದ ಕೆಲವೇ ಚಿತ್ರಗಳು, ಸಿ.ಡಿ.ಯಲ್ಲಿ ಮುನ್ನೂರು ನಾನೂರು ಇರುತ್ತವೆ. ಹಳೆಯದನ್ನೂ ಹೊಸದನ್ನೂ ಅದೇ ಮಟ್ಟದ ಸ್ಲೈಸಿಗೆ ನಿಲ್ಲಿಸಿ ಹೋಲಿಸಲು ಅದೇ ಬೇಕು. ಸಿ.ಡಿ.ಯ ಮೇಲೆ ‘ಜ್ವರದ ಆರನೇ ದಿನ, ಆಕ್ಸಿಜನ್ 95’ ಎಂದು ಪೆನ್ನಿನಲ್ಲಿ ಇವತ್ತೇ ಬರೆದಿಡಿ.